ನಲುಗಿನ ಹಿಟ್ಟು, ಮಹಡಿಯ ಬಿಸಿಲು

ಫೋನಿನಲ್ಲಿ ಅತ್ತೆ ಕನ್ನಡ ಮಾತಾಡಿದರೆಂದರೆ ಹರಿಣಿಗೆ ಎದೆ ಹೊಡೆದುಕೊಳ್ಳುತ್ತಿತ್ತು. ಕೋಟೇಶ್ವರಮ್ಮನವರ ತಾಯಿ ಬಳ್ಳಾರಿ ಕಡೆಯವರು. ತಾಯಿಯಿಂದ ಬಂದ ಕನ್ನಡವನ್ನು ಅವರು ವಿಜಯವಾಡದಲ್ಲಿ ಇಷ್ಟು ವರ್ಷ ಸಂಸಾರ ಮಾಡಿಯೂ ಮರೆತಿರಲಿಲ್ಲ. ಅಡುಗೆಗೆ, ದೇವರಿಗೆ, ನೆಂಟರಿಗೆ, ಮಗಳನ್ನು ಮುದ್ದಿಸುವುದಕ್ಕೆ ಎಲ್ಲಕ್ಕೂ ಅವರಿಗೆ ತೆಲುಗೇ. ಕನ್ನಡವನ್ನು ಬೈಯುವುದಕ್ಕೆಂದು ತೆಗೆದಿರಿಸಿದ್ದರು. ಕನ್ನಡದವಳೇ ಸೊಸೆಯಾಗಿ ಬಂದ ಮೇಲೆ ಅದಕ್ಕೆ ಒಳ್ಳೆಯ ಬಳಕೆ ಸಿಕ್ಕಿತ್ತು.

"ನನ್ನ ಮಗಳ ಮುಖ ಸುಟ್ಟೆಯಲ್ಲ, ತಣ್ಣಗಾಯಿತಾ ಹೊಟ್ಟೆ?" ಎಂದರು ಅವರು ಆ ಮಂಗಳವಾರ ಬೆಳಿಗ್ಗೆ.

ಹರಿಣಿ ಪೆಂಡುರ್ತಿಯಲ್ಲಿ ಗಂಡನ ಜೊತೆಗಿದ್ದ ಮನೆಯ ಅಡುಗೆಕೋಣೆಯಲ್ಲಿ ತಲೆಗೆ ಹಚ್ಚುವ ಎಣ್ಣೆ ಸೋಸುತ್ತಿದ್ದಳು. ಗರುಗದ ಸೊಪ್ಪು, ದಾಸವಾಳದ ಎಲೆ, ಕರಿಬೇವು ಕುದಿದು ಎಣ್ಣೆ ಹಸಿರುಗಪ್ಪಾಗಿತ್ತು. ಬಟ್ಟೆ ಹಿಡಿದ ಕೈ ಹಾಗೇ ನಿಂತಿತು.

"ಏನಾಯ್ತು ಅತ್ತಯ್ಯ?"

"ಏನಾಯಿತು ಅಂತ ನನ್ನನ್ನು ಕೇಳು. ಕೆನ್ನೆ, ಹಣೆ, ಕತ್ತು, ಎಲ್ಲ ಕಾವಲಿ ಮುಟ್ಟಿಸಿದ ಹಾಗೆ ಬೊಬ್ಬೆ. ನಿನ್ನೆ ಕೆಂಪಾಗಿತ್ತು. ಇವತ್ತು ನೀರು ತುಂಬಿದೆ. ನೀನು ಕೊಟ್ಟ ಹಿಟ್ಟು ಬಿಟ್ಟು ಆ ಹುಡುಗಿ ಬೇರೇನೂ ಹಚ್ಚಿಲ್ಲ."

ನಾದಿನಿ ಸಾಯಿಲಕ್ಷ್ಮಿಯ ಮದುವೆ ಗೊತ್ತಾಗಿತ್ತು. ಲಗ್ನಪತ್ರಿಕೆ ಅಚ್ಚಾಗಿ ಬಂದಿತ್ತು. ಮದುವೆಗೆ ಮುಂಚೆ ಮೈಗೆ ಹಚ್ಚಿಕೊಳ್ಳಲು ಹಿಟ್ಟು ಬೇಕೆಂದು ಅವಳೇ ಹರಿಣಿಯನ್ನು ಕೇಳಿದ್ದಳು. ಮದುಮಗಳಿಗೆ ಹಚ್ಚುವ ಈ ಹಿಟ್ಟಿಗೆ, ಅದನ್ನು ಹಚ್ಚುವ ಶಾಸ್ತ್ರಕ್ಕೆ, ಎರಡಕ್ಕೂ ಆ ಮನೆಯಲ್ಲಿ ನಲುಗು ಎನ್ನುತ್ತಾರೆ. ಹರಿಣಿ ಹೆಸರುಕಾಳು, ಕಡಲೆಬೇಳೆ, ಅಕ್ಕಿಯನ್ನು ಬೇರೆಬೇರೆಯಾಗಿ ಹುರಿದು, ಕಸ್ತೂರಿ ಅರಿಶಿನ, ಒಣಗಿದ ಬೇವಿನೆಲೆ, ಗುಲಾಬಿ ಪಕಳೆ, ಕಿತ್ತಳೆ ಸಿಪ್ಪೆ ಸೇರಿಸಿ ಬೀಸಿ, ಹಳೆಯ ಮಲ್ಲು ಸೀರೆಯಲ್ಲಿ ಜರಡಿ ಹಿಡಿದು, ಸ್ಟೀಲ್ ಡಬ್ಬಿಯಲ್ಲಿ ತುಂಬಿ ಸಂಕ್ರಾಂತಿಗೆ ಹೋದಾಗ ಕೊಟ್ಟು ಬಂದಿದ್ದಳು. ಜರಡಿ ಒಂದು ಸಲ ಹಿಡಿದರೆ ಸಾಕಿತ್ತು, ಅವಳು ಮೂರು ಸಲ ಹಿಡಿದಿದ್ದಳು. ಅವಳು ಯಾವುದನ್ನೂ ಒಂದು ಸಲಕ್ಕೆ ಬಿಟ್ಟವಳಲ್ಲ. ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಓದುವಾಗಲೂ ಉತ್ತರಪತ್ರಿಕೆ ಕೊಟ್ಟು ಬಾಗಿಲವರೆಗೆ ಹೋದವಳು ತಿರುಗಿ ಬಂದು ನಂಬರು ಸರಿಯಾಗಿ ಬರೆದಿದ್ದೇನಾ ಎಂದು ನೋಡುತ್ತಿದ್ದಳು.

ಅಂದು ಅತ್ತೆ ಡಬ್ಬಿಯ ಮುಚ್ಚಳ ತೆಗೆದು ಮೂಸಿದ್ದರು.

"ಬಾವಂಚಾಲು ಹಾಕಿಲ್ಲವಾ?"

ಬಾವಂಚಾಲು ಎಂದರೆ ಬಾವಂಚಿಯ ಬೀಜ, ಕಪ್ಪಗೆ, ಸಣ್ಣಗೆ ಇರುವುದು. ಅಲ್ಲಿನ ಗಿಡಮೂಲಿಕೆ ಅಂಗಡಿಯಲ್ಲಿ ಕೇಳದಿದ್ದರೂ ಕಟ್ಟಿಕೊಡುತ್ತಾರೆ.

"ನಮ್ಮಲ್ಲಿ ಹಾಕೋದಿಲ್ಲ ಅತ್ತಯ್ಯ."

"ಅದಿಲ್ಲದೆ ಬಣ್ಣ ಎಲ್ಲಿಂದ ಬರುತ್ತೆ? ಇದರಲ್ಲಿ ಬೋಂಡ ಕರೀಬಹುದು," ಎಂದು ಮುಚ್ಚಳ ಹಾಕಿದ್ದರು. ಪಕ್ಕದ ಮನೆಯ ರಾಜ್ಯಲಕ್ಷ್ಮಿ ಅಲ್ಲೇ ಇದ್ದರು. ಅವರೂ ನಕ್ಕರು. ಹರಿಣಿಯೂ ನಕ್ಕಿದ್ದಳು, ಬೇರೆ ದಾರಿ ಇರಲಿಲ್ಲ.

ಈಗ ಫೋನು ಕಿವಿಗೆ ಒತ್ತಿ ಹಿಡಿದು ಅವಳು ತನ್ನ ತಪ್ಪು ಎಲ್ಲಿದೆ ಎಂದು ಹುಡುಕಿದಳು. ಯಾರಾದರೂ ಬೆರಳು ತೋರಿಸಿದರೆ ಅವಳು ಮೊದಲು ತನ್ನ ಜೇಬನ್ನೇ ತಡವಿ ನೋಡಿಕೊಳ್ಳುವವಳು. ಭಾನುವಾರ ಸಾಯಿಲಕ್ಷ್ಮಿ ಫೋನು ಮಾಡಿದ್ದು ನೆನಪಾಯಿತು. ಅತ್ತಿಗೆಯನ್ನು ಅವಳು ತೆಲುಗಿನ ರೂಢಿಯಂತೆ ವದಿನ ಎನ್ನುತ್ತಿದ್ದಳು. "ವದಿನ, ಅಮ್ಮ ಮೊದಲ ಪತ್ರಿಕೆ ದುರ್ಗಮ್ಮನ ಪಾದಕ್ಕಿಡೋಕೆ ಬೆಟ್ಟಕ್ಕೆ ಹೋಗಿದ್ದಾಳೆ. ಮನೇಲಿ ನಾನೊಬ್ಬಳೇ. ಈ ಹಿಟ್ಟು ಹೇಗೆ ಹಚ್ಕೋಬೇಕು?" ಹರಿಣಿ ತನ್ನ ತವರಿನ ಪದ್ಧತಿ ಹೇಳಿದ್ದಳು. ಚಿತ್ರದುರ್ಗದಲ್ಲಿ ಅಜ್ಜಿ ಎಣ್ಣೆಸ್ನಾನದ ದಿನ ಮಕ್ಕಳಿಗೆಲ್ಲ ಎಣ್ಣೆ ತಿಕ್ಕಿ, ಮೇಲೆ ಹಿಟ್ಟು ಬಳಿದು, ಹಿತ್ತಲ ಚಪ್ಪಡಿಯ ಮೇಲೆ ಬಿಸಿಲಿಗೆ ಸಾಲಾಗಿ ಕೂರಿಸುತ್ತಿದ್ದರು. ಹಿಟ್ಟು ಒಣಗಿ ಚರ್ಮ ಬಿಗಿದ ಮೇಲೆಯೇ ಬಚ್ಚಲು.

"ಅತ್ತಯ್ಯ," ಎಂದಳು ಹರಿಣಿ, "ಹಚ್ಕೊಂಡು ಮಹಡಿ ಮೇಲೆ ಬಿಸಿಲಿಗೆ ಕೂತ್ಕೋ ಅಂತ ನಾನೇ ಹೇಳಿದ್ದೆ."

ಆ ಕಡೆ ಮಾತು ನಿಂತಿತು. ಕರೆ ಕಡಿಯಿತೇನೋ ಎಂದು ಹರಿಣಿ ಪರದೆ ನೋಡಿಕೊಂಡಳು. ಕಡಿದಿರಲಿಲ್ಲ. ಹಿಂದೆ ಎಲ್ಲೋ ಪ್ರೆಶರ್ ಕುಕ್ಕರ್ ಕೂಗುವುದು ಕೇಳುತ್ತಿತ್ತು.

"ಬಿಸಿಲಿಗೆ," ಎಂದರು ಕೋಟೇಶ್ವರಮ್ಮ ನಿಧಾನವಾಗಿ. ಆಮೇಲೆ ದನಿ ಮೊದಲಿಗಿಂತ ಗಟ್ಟಿಯಾಯಿತು. "ಸರಿ. ನಿನ್ನ ಬಾಯಿಂದಲೇ ಬಂತು. ಇನ್ನು ಯಾರನ್ನೂ ಕೇಳಬೇಕಾಗಿಲ್ಲ."

ಸಂಜೆ ಗಂಡ ರಾಮ್‌ಪ್ರಸಾದ್ ದುವ್ವಾಡದ ಕೆಲಸ ಮುಗಿಸಿ ಬರುವ ಹೊತ್ತಿಗೆ ತಾಯಿಯ ಮಾತು ಅವನ ಕಿವಿಗೂ ಬಿದ್ದಾಗಿತ್ತು. ಶೂ ಬಿಚ್ಚುತ್ತಲೇ ಅವನು ಕೇಳಿದ.

"ನೀನ್ಯಾಕೆ ಒಪ್ಕೊಂಡೆ?"

"ಒಪ್ಕೊಂಡಿಲ್ಲ. ಹೇಳಿದ್ದನ್ನ ಹೇಳಿದೆ ಅಂದೆ."

"ಅಮ್ಮನಿಗೆ ಎರಡೂ ಒಂದೇ. ವಿನಾಯಕನ ವಿಷಯ ಈಗ ಎತ್ತಿದ್ದಾಳೆ."

ವಿನಾಯಕ ಹರಿಣಿಯ ತಮ್ಮ. ಅವನಿಗೆ ಸಾಯಿಲಕ್ಷ್ಮಿಯನ್ನು ತರುವ ಮಾತು ಎರಡು ವರ್ಷದ ಹಿಂದೆ ಬಂದಿತ್ತು. ಕೊಟ್ಟು ತಂದುಕೊಂಡರೆ ಎರಡು ಮನೆ ಗಟ್ಟಿಯಾಗುತ್ತವೆ ಎಂದು ಮಾವ ಈಶ್ವರಯ್ಯನವರಿಗೂ ಮನಸ್ಸಿತ್ತು. "ಹುಡುಗ ನಮ್ಮ ಬಾಣಲೆಗಿಂತ ಕಪ್ಪು" ಎಂದು ಕೋಟೇಶ್ವರಮ್ಮ ಎಲ್ಲರೆದುರಿಗೆ ಹೇಳಿ ಮುಗಿಸಿದ್ದರು. ಆ ಮಾತನ್ನು ಸೊಸೆ ಹೊಟ್ಟೆಯಲ್ಲಿಟ್ಟುಕೊಂಡಿದ್ದಳು, ಸಮಯ ನೋಡಿ ಮಗಳ ಬಣ್ಣಕ್ಕೇ ಕೈಹಾಕಿದಳು ಎಂಬುದು ಈಗ ಗುಂಟೂರಿನ ನೆಂಟರವರೆಗೂ ಹೋಗಿತ್ತು.

"ನಲುಗಿಗೆ ನೀನು ಬರೋದು ಬೇಡವಂತೆ. ಮದುವೆಗೂ," ಎಂದ ರಾಮ್‌ಪ್ರಸಾದ್. "ನಾನೊಬ್ಬನೇ ಬರಬೇಕಂತೆ."

ಹರಿಣಿ ಅವನ ಮುಖ ನೋಡಿದಳು. ಅಣ್ಣನ ಹೆಂಡತಿಯೇ ಮದುಮಗಳನ್ನು ಹಸೆಮಣೆಗೆ ಕರೆದು ತಂದು ಕೂರಿಸುವವಳು, ಮೊದಲ ನಲುಗು ಹಚ್ಚುವವಳು. ಆ ಜಾಗದಲ್ಲಿ ಬೇರೆ ಯಾರೋ ನಿಂತರೆ ವಿವರಣೆ ಬೇಕಾಗುವುದಿಲ್ಲ. ಬಂದವರೆಲ್ಲ ನೋಡಿ ತಿಳಿದುಕೊಳ್ಳುತ್ತಾರೆ, ಇವಳೇ ಮಾಡಿದ್ದು ಎಂದು. ಮುಂದೆ ಆ ಮನೆಯಲ್ಲಿ ಯಾರ ಮಗು ಹುಟ್ಟಲಿ, ಯಾರು ಮೈನೆರೆಯಲಿ, ಅವಳ ಕೈ ಯಾರ ಮೈಗೂ ತಾಗುವಂತಿಲ್ಲ.

"ನೀವು ಏನಂದ್ರಿ?"

"ಈಗ ಬೇಡ, ಅವಳ ಕೋಪ ಇಳೀಲಿ ಅಂದೆ."

"ನಾನು ಬೇಕಂತ ಮಾಡಿಲ್ಲ ಅಂತ ಅಂದ್ರಾ?"

ಅವನು ನೀರು ಕುಡಿಯಲು ಒಳಗೆ ಹೋದ.

ಮರುದಿನ ಕೆಳಗಿನ ಮನೆಯ ಕನಕದುರ್ಗ, ಸುದ್ದಿ ಅವಳಿಗೂ ಮುಟ್ಟಿ, ಮಗಳಿಗೆಂದು ಹರಿಣಿಯಿಂದ ಒಯ್ದಿದ್ದ ಹಿಟ್ಟಿನ ಪೊಟ್ಟಣವನ್ನು ಬಾಗಿಲ ಹೊರಗಿನ ಚಪ್ಪಲಿ ಸ್ಟ್ಯಾಂಡಿನ ಮೇಲೆ ಇಟ್ಟು ಹೋಗುತ್ತಿದ್ದಳು. ಹರಿಣಿ ಬಾಗಿಲು ತೆರೆದದ್ದರಿಂದ ಸಿಕ್ಕಿಬಿದ್ದಳು. "ಏಮೀ ಅನುಕೋವದ್ದು ಹರಿಣಿಗಾರು," ಎಂದಳು, ಏನೂ ತಿಳಿದುಕೊಳ್ಳಬೇಡಿ ಎಂದು. "ನಮ್ಮ ಹುಡುಗಿಗೆ ಇನ್ನೂ ಮುಖ ಬೇಕು."

ಹರಿಣಿ ಆ ಪೊಟ್ಟಣವನ್ನೇ ಬಿಚ್ಚಿದಳು. ಸಾಯಿಲಕ್ಷ್ಮಿಗೆ ಕೊಟ್ಟದ್ದೂ ಇದೂ ಒಂದೇ ಸಲ ಬೀಸಿದ ಹಿಟ್ಟು. ಕಿತ್ತಳೆ ಸಿಪ್ಪೆಯ ಮೇಲೆ ಅವಳಿಗೆ ಅನುಮಾನವಿತ್ತು. ಬೇವು ಹೆಚ್ಚಾಯಿತೇನೋ ಎಂಬ ಅನುಮಾನವೂ ಇತ್ತು. ಎಡಗೈಯ ಒಳಭಾಗಕ್ಕೆ, ಕತ್ತಿಗೆ, ಕೆನ್ನೆಗೆ ಎಣ್ಣೆ ತಿಕ್ಕಿ ಹಿಟ್ಟು ಬಳಿದುಕೊಂಡು ಮಹಡಿಗೆ ಹೋಗಿ ಕೂತಳು. ಬಿಸಿಲು ಚುರುಗುಟ್ಟುತ್ತಿತ್ತು. ಹಿಟ್ಟು ಒಣಗಿ ಉದುರುವವರೆಗೆ ಏಳಲಿಲ್ಲ. ಬೊಬ್ಬೆ ಬರಲಿ ಎಂದೇ ಅವಳು ಒಳಗೊಳಗೆ ಕಾದಳು. ಬಂದರೆ ತಪ್ಪು ತನ್ನದೆಂದು ತೀರ್ಮಾನವಾಗಿ ಹೋಗುತ್ತಿತ್ತು, ಕಾಲಿಗೆ ಬಿದ್ದು ಮುಗಿಸಬಹುದಿತ್ತು. ಆ ವಾರವೆಲ್ಲ ದಿನಕ್ಕೆ ಹತ್ತು ಸಲ ಕನ್ನಡಿ ನೋಡಿಕೊಂಡಳು. ಚರ್ಮ ಮೊದಲಿನ ಹಾಗೇ ಇತ್ತು.

ತಾಯಿ ಕಮಲಾಗೆ ಫೋನು ಮಾಡಿದಳು. ಎಲ್ಲ ಕೇಳಿ ಕಮಲಾ ಒಂದೇ ಮಾತು ಕೇಳಿದರು.

"ಅದ್ರಾಗೆ ಬಾವಂಚಿ ಗೀವಂಚಿ ಹಾಕಿದ್ಯೇನೇ?"

"ಇಲ್ಲಮ್ಮ. ನೀನು ಹಾಕಲ್ಲ ಅಂತ ನಾನೂ ಹಾಕಲ್ಲ."

"ನಿಮ್ಮಜ್ಜಿ ಅದನ್ನ ಮನೆಗೇ ತರ್ತಿರಲಿಲ್ಲ. ನಾವು ಬಿಸಿಲಿಗೆ ಕೂರೋ ಜನ. ಅದು ಮೈಮ್ಯಾಲಿದ್ದು ಬಿಸಿಲು ಬಿತ್ತು ಅಂದ್ರೆ ಎರಡು ದಿನ ಬಿಟ್ಟು ಬೊಬ್ಬೆ ಏಳ್ತಾವೆ. ಅದನ್ನ ಹಾಕೋರು ಕತ್ಲೆ ಬಚ್ಚಲಾಗೆ ಹಚ್ಕೊಂಡು ಅಲ್ಲೇ ತೊಳ್ಕೊಂತಾರೆ. ಹೊರಗೆ ಬರಂಗಿಲ್ಲ."

ಹರಿಣಿಗೆ ಅತ್ತೆಯ ಮನೆಯ ಕಟ್ಟು ನೆನಪಾಯಿತು. ನಲುಗು ಹಚ್ಚಿದ ಹೆಣ್ಣು ಸ್ನಾನವಾಗುವವರೆಗೆ ಹೊಸ್ತಿಲು ದಾಟಬಾರದು, ದೃಷ್ಟಿ ತಾಗುತ್ತದೆ ಎಂದು ಅತ್ತೆ ಹೇಳುತ್ತಿದ್ದರು. ಮದುವೆಯಾಗಿ ಬಂದ ಹೊಸದರಲ್ಲಿ ತನ್ನನ್ನೂ ಬಚ್ಚಲಲ್ಲಿ ಕೂರಿಸಿ ಹೊರಗಿನಿಂದ ಚಿಲಕ ಹಾಕಿದ್ದರು. ಫೋನಿನಲ್ಲಿ ಬಿಸಿಲಿನ ಮಾತು ಬಂದಾಗ ಅತ್ತೆ ಸುಮ್ಮನಾಗಿದ್ದೂ ಈಗ ನೆನಪಾಯಿತು.

ಕರೆಯದಿದ್ದರೂ ಹೋಗುವುದೆಂದು ಹರಿಣಿ ಹಟ ಹಿಡಿದಳು. ಮುಂದಿನ ವಾರದ ಶನಿವಾರ ಇಬ್ಬರೂ ದುವ್ವಾಡದಲ್ಲೇ ವಿಜಯವಾಡದ ರೈಲು ಹತ್ತಿದರು. ದಾರಿಯುದ್ದಕ್ಕೂ ರಾಮ್‌ಪ್ರಸಾದ್ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದ. ರಾಜಮಂಡ್ರಿ ದಾಟಿದ ಮೇಲೆ ಒಮ್ಮೆ, "ಅಲ್ಲಿ ಮಾತು ಬೆಳೆಸಬೇಡ," ಎಂದ.

ಸಾಯಿಲಕ್ಷ್ಮಿ ಬಾಗಿಲು ತೆರೆದಳು. ಬೊಬ್ಬೆಗಳು ಒಡೆದು ಒಣಗಿದ್ದವು. ಹಿಟ್ಟು ಹಚ್ಚಿದ ಜಾಗವೆಲ್ಲ ಕಂದುಗಪ್ಪು. ಕತ್ತಿನ ಮೇಲೆ ಹಿಟ್ಟಿನ ನೀರು ಇಳಿದ ಗೆರೆಗಳೂ ಹಾಗೇ ಮೂಡಿದ್ದವು, ಯಾರೋ ಮಸಿ ಸುರಿದಂತೆ. ಹರಿಣಿಯನ್ನು ನೋಡಿ ಅವಳು ಒಳಗೆ ಹೋಗಿಬಿಟ್ಟಳು.

"ಬಂದೆಯಾ? ನೋಡಿ ಸಂತೋಷಪಡೋಕೆ ಬಂದೆಯಾ?" ಎಂದು ಕೋಟೇಶ್ವರಮ್ಮ ಅಡುಗೆಮನೆಯಿಂದ ಕನ್ನಡದಲ್ಲೇ ಕೇಳಿದರು. "ಡಾಕ್ಟರು ಏನಂದರು ಗೊತ್ತಾ? ಯಾವುದೋ ಗಿಡದ ರಸ, ಮೇಲೆ ಬಿಸಿಲು. ಕಲೆ ಹೋಗೋಕೆ ತಿಂಗಳುಗಟ್ಟಲೆ ಬೇಕಂತೆ. ಗಿಡವೂ ನಿನ್ನದು, ಬಿಸಿಲೂ ನಿನ್ನದು."

ಹರಿಣಿ ನೇರ ಬಚ್ಚಲುಮನೆಗೆ ಹೋದಳು. ಡಬ್ಬಿ ಗೂಡಿನಲ್ಲೇ ಇತ್ತು. ಅದನ್ನು ಎಸೆಯಲು ಅತ್ತೆಗೆ ಸಾಧ್ಯವಿರಲಿಲ್ಲ. ಅವರೇ ಅದನ್ನು ಬಂದವರಿಗೆಲ್ಲ ತೋರಿಸುತ್ತಿದ್ದರು, ಸೊಸೆಯ ಪ್ರತಾಪ ಎಂದು. ಮುಚ್ಚಳ ತೆಗೆದಾಗ ಗುಲಾಬಿಯ ವಾಸನೆಗಿಂತ ಮುಂಚೆ ಇನ್ನೊಂದು ಮೂಗಿಗೆ ಬಡಿಯಿತು, ಕಟುವಾಗಿ, ಎಣ್ಣೆಯೆಣ್ಣೆಯಾಗಿ. ಚಿಟಿಕೆ ಹಿಟ್ಟನ್ನು ಅಂಗೈಗೆ ಹಾಕಿ ಬೆರಳಿನಿಂದ ಹರಡಿದಳು. ಮೂರು ಸಲ ಮಲ್ಲು ಬಟ್ಟೆಯಲ್ಲಿ ಜರಡಿ ಹಿಡಿದ ಹಿಟ್ಟಿನಲ್ಲಿ ಕಪ್ಪು ಸಿಪ್ಪೆಯ ತರಿ.

ಡಬ್ಬಿಯನ್ನು ಹಜಾರಕ್ಕೆ ತಂದು ಟೀಪಾಯಿಯ ಮೇಲಿಟ್ಟಳು. ಈಶ್ವರಯ್ಯ ಪೇಪರು ಇಳಿಸಿದರು.

"ಇದಕ್ಕೆ ಬಾವಂಚಿ ಹಾಕಿದ್ದು ಯಾರು ಅತ್ತಯ್ಯ?"

"ನಾನು ಆ ಡಬ್ಬಿ ಮುಟ್ಟಿಲ್ಲ."

"ನನ್ನ ಹಿಟ್ಟನ್ನ ನಾನೇ ಬಳಿದುಕೊಂಡು ಬಿಸಿಲಲ್ಲಿ ಕೂತೆ. ಏನೂ ಆಗಲಿಲ್ಲ. ಬಿಸಿಲಿಗೆ ಕೂರು ಅಂದದ್ದು ನನ್ನ ತಪ್ಪು, ಅದನ್ನ ಅವತ್ತೇ ಹೇಳಿದೆ. ಇನ್ನೊಂದು ತಪ್ಪು ಯಾರದು ಅಂತ ಹೇಳಿ."

"ಅಂದ್ರೆ ಹೆತ್ತ ಮಗಳ ಮುಖ ನಾನು ಸುಟ್ಟೆ ಅಂತೀಯಾ?"

"ಸುಡಬೇಕು ಅಂತ ಹಾಕಿದ್ರಿ ಅನ್ನಲಿಲ್ಲ. ಹಾಕಿದ್ರಿ ಅಂದೆ. ಇಲ್ಲ ಅನ್ನೋದಾದ್ರೆ ದುರ್ಗಮ್ಮನ ಮೇಲೆ ಆಣೆ ಮಾಡಿ."

"ನಿನಗೆ ನಾನು ಆಣೆ ಮಾಡಬೇಕಾ?" ಕೋಟೇಶ್ವರಮ್ಮ ಮಗನ ಕಡೆ ತಿರುಗಿದರು. ತೆಲುಗಿಗೆ ಹೊರಳಿದರು. "ಕೇಳಿಸಿಕೋ ರಾಮು. ನಿನ್ನ ಹೆಂಡತಿ ಮಾತು ಕೇಳಿಸಿಕೋ."

ರಾಮ್‌ಪ್ರಸಾದ್ ಹರಿಣಿಯ ಕೈ ಹಿಡಿದು ಸಾಕು ಎಂಬಂತೆ ಒತ್ತಿದ. ಅವಳು ಬಿಡಿಸಿಕೊಂಡಳು.

ಆಗ ಕೋಣೆಯಿಂದ ಸಾಯಿಲಕ್ಷ್ಮಿ ಹೊರಗೆ ಬಂದಳು. ಅವಳು ಅಳುತ್ತಿರಲಿಲ್ಲ. "ನೀವಿಬ್ಬರೂ ಜಗಳ ಆಡಿದರೆ ನನ್ನ ಮುಖ ತಿರುಗಿ ಬರೋದಿಲ್ಲ," ಎಂದಳು. "ವದಿನ ನಲುಗಿಗೆ ಇರಲಿ. ಇಲ್ಲದಿದ್ದರೆ ಗಂಡಿನ ಕಡೆಯವರು ವದಿನ ಯಾಕೆ ಬಂದಿಲ್ಲ ಅಂತ ಕೇಳ್ತಾರೆ, ಇಡೀ ಕಥೆ ಹೊರಗೆ ಬರುತ್ತೆ. ಇರಲಿ ಅಷ್ಟೇ. ನನ್ನನ್ನ ಮುಟ್ಟೋದು ಬೇಡ."

ನಲುಗಿನ ದಿನ ಮನೆಯ ಮುಂದೆ ತೆಂಗಿನ ಗರಿಯ ಚಪ್ಪರ ಹಾಕಿದ್ದರು. ಬೆಳಗಿನ ಹೊತ್ತು. ಬೀದಿಯ ಹೆಂಗಸರು, ಗುಂಟೂರಿನ ನೆಂಟರು ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತಿದ್ದರು. ಹಸೆಮಣೆಯ ಮೇಲೆ ಸಾಯಿಲಕ್ಷ್ಮಿ ಹಳದಿ ಸೀರೆಯುಟ್ಟು ಕೂತಿದ್ದಳು. ಮುಖದ ಕಲೆಯ ಮೇಲೆ ಬಳಿದ ಪೌಡರು ಬೆವರಿಗೆ ಆಗಲೇ ಬಿರುಕು ಬಿಡುತ್ತಿತ್ತು. ಹರಿಣಿ ಕಂಬದ ಪಕ್ಕ ನಿಂತಿದ್ದಳು. ಯಾರೂ ಅವಳಿಗೆ ಕೂರು ಎನ್ನಲಿಲ್ಲ.

"ವದಿನ ಅಲ್ಲೇ ನಿಂತಿದ್ದಾಳಲ್ಲ, ಮೊದಲು ಹಚ್ಚೋದು ಅವಳೇ ಅಲ್ಲವಾ?" ಎಂದು ಗುಂಟೂರಿನ ಮುದುಕಿಯೊಬ್ಬರು ಕೇಳಿದರು. ಅವರಿಗೆ ಎಲ್ಲವೂ ಗೊತ್ತಿತ್ತು.

"ನಮ್ಮ ಕೋಡಲು ಹಚ್ಚಿದರೆ ತೊಳೆದ ಮೇಲೆ ಮುಖ ಉಳಿಯುತ್ತೋ ಇಲ್ಲವೋ," ಎಂದರು ಕೋಟೇಶ್ವರಮ್ಮ ಸೊಸೆಯತ್ತ ನೋಡಿ, ತೆಲುಗಿನಲ್ಲಿ. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ನಗು ಏರಿದಂತೆ ಅವರಿಗೆ ಹುರುಪು ಬಂತು. "ಹಚ್ಚಲಿ, ಯಾರು ಬೇಡ ಅಂದರು? ಮೊದಲು ತನ್ನ ಮುಖಕ್ಕೆ ಹಚ್ಚಿಕೊಳ್ಳಲಿ. ಆಮೇಲೆ ನೋಡೋಣ."

ಹರಿಣಿ ಒಳಗೆ ಹೋದಳು. ಓಡಿಹೋದಳು ಎಂದೇ ಎಲ್ಲರೂ ತಿಳಿದರು. ತಿರುಗಿ ಬಂದಾಗ ಅವಳ ಕೈಯಲ್ಲಿ ಆ ಸ್ಟೀಲ್ ಡಬ್ಬಿ, ಒಂದು ಬಟ್ಟಲು ಮೊಸರು. ತಾನು ಮಾಡುತ್ತಿರುವುದು ಸರಿಯೇ ಎಂದು ಯಾರಾದರೂ ಕೇಳಿದ್ದರೆ ಅವಳು ಅಲ್ಲೇ ನಿಲ್ಲಿಸಿಬಿಡುತ್ತಿದ್ದಳು. ಯಾರೂ ಕೇಳಲಿಲ್ಲ. ಎಲ್ಲರೆದುರಿಗೆ ಹಿಟ್ಟು ಕಲಸಿ ಎರಡೂ ಕೆನ್ನೆಗೆ ಬಳಿದುಕೊಂಡಳು.

"ಇದು ಅದೇ ಹಿಟ್ಟು," ಎಂದಳು ತನ್ನ ಮುರುಕು ತೆಲುಗಿನಲ್ಲಿ. "ನಾನು ಹಾಕಿದ್ದು ಬಿಟ್ಟು ಇದರಲ್ಲಿ ಬೇರೇನೂ ಇಲ್ಲ ಅಂತ ಅತ್ತಯ್ಯ ಹೇಳಿದ್ದಾರೆ." ಆಮೇಲೆ ಬಟ್ಟಲು ಹಿಡಿದುಕೊಂಡು ಅತ್ತೆಯ ಕುರ್ಚಿಯ ಮುಂದೆ ಬಂದು ನಿಂತಳು. "ಮದುಮಗಳ ತಾಯಿಗೂ ನಲುಗು ಹಚ್ಚಬೇಕಲ್ಲ."

ಹಚ್ಚುವುದು ವಾಡಿಕೆಯೇ. "ಹಚ್ಚು, ಹಚ್ಚು, ಕೋಟೇಶ್ವರಮ್ಮ ಹೊಸ ಮದುಮಗಳಾಗಲಿ," ಎಂದು ರಾಜ್ಯಲಕ್ಷ್ಮಿ ಚೇಷ್ಟೆ ಮಾಡಿದರು. ಅಷ್ಟು ಜನರ ಮುಂದೆ ಮುಖ ತಿರುಗಿಸುವಂತಿರಲಿಲ್ಲ. ಹರಿಣಿ ಅತ್ತೆಯ ಕೆನ್ನೆಗೆ, ಗದ್ದಕ್ಕೆ ಹಚ್ಚಿದಳು. ಇಷ್ಟು ವರ್ಷದಲ್ಲಿ ಅವರ ಮುಖವನ್ನು ಅವಳು ಮುಟ್ಟಿದ್ದು ಅದೇ ಮೊದಲು. ಚರ್ಮ ಮೆತ್ತಗಿತ್ತು. ಕೋಟೇಶ್ವರಮ್ಮ ಹಲ್ಲು ಕಚ್ಚಿಕೊಂಡು ನೇರ ಅವಳ ಕಣ್ಣನ್ನೇ ನೋಡುತ್ತಿದ್ದರು.

ಚಪ್ಪರದ ಪೂರ್ವದ ಕಡೆ ಒಂದು ಗರಿ ಜಾರಿ ಸಂದು ಬಿದ್ದಿತ್ತು. ಸೂರ್ಯ ಮೇಲೇರುತ್ತಿದ್ದಂತೆ ಅಲ್ಲಿಂದ ಬಿಸಿಲಿನ ಪಟ್ಟಿಯೊಂದು ಒಳಗೆ ಬಂತು. ಮೊದಲು ಹರಿಣಿಯ ಭುಜದ ಮೇಲೆ ಬಿತ್ತು, ಆಮೇಲೆ ಕೆನ್ನೆಯ ಮೇಲೆ. ಅವಳು ಕದಲಲಿಲ್ಲ. ಹೆಂಗಸರು ಹಾಡು ಎತ್ತಿಕೊಂಡಿದ್ದರು. ಪಟ್ಟಿ ನಿಧಾನವಾಗಿ ಅಗಲವಾಗಿ ಕೋಟೇಶ್ವರಮ್ಮನವರ ಮೊಣಕಾಲಿಗೆ ಬಂತು, ಸೆರಗಿಗೆ ಬಂತು, ಗದ್ದ ಮುಟ್ಟಿತು.

ಅವರು ಎರಡು ಕೈಯಿಂದ ಕುರ್ಚಿಯ ತೋಳು ಹಿಡಿದು, ಕೂತ ಹಾಗೇ ಕುರ್ಚಿಯನ್ನು ಪರಪರ ಎಳೆದುಕೊಂಡು ನೆರಳಿಗೆ ಸರಿದರು. ಸೆರಗಿನಿಂದ ಕೆನ್ನೆ ಮುಚ್ಚಿಕೊಂಡರು.

"ಅಮ್ಮ," ಎಂದಳು ಸಾಯಿಲಕ್ಷ್ಮಿ ಹಸೆಮಣೆಯಿಂದ. "ಯಾಕೆ ಸರಿದೆ?"

"ಸೆಕೆ."

"ಬೆಳಗಿನ ಬಿಸಿಲಮ್ಮ. ಇಷ್ಟು ಹೊತ್ತು ಕಾಲ ಮೇಲಿತ್ತು. ಆಗ ಸೆಕೆ ಆಗಲಿಲ್ಲ."

ಹಾಡು ಒಂದೊಂದೇ ದನಿಯಾಗಿ ಕಡಿಮೆಯಾಗಿ ನಿಂತಿತು. ಗುಂಟೂರಿನ ಮುದುಕಿ ಕೋಟೇಶ್ವರಮ್ಮನವರ ಮುಖ ನೋಡಿದರು, ಬಿಸಿಲಲ್ಲಿ ನಿಂತ ಹರಿಣಿಯ ಮುಖ ನೋಡಿದರು, ಕೊನೆಗೆ ಡಬ್ಬಿ ನೋಡಿದರು.

"ಬಣ್ಣ ಬರಲಿ ಅಂತ," ಎಂದರು ಕೋಟೇಶ್ವರಮ್ಮ.

"ಇಬ್ಬರೂ ಹೋಗಿ ಮುಖ ತೊಳ್ಕೊಳ್ಳಿ," ಎಂದಳು ಸಾಯಿಲಕ್ಷ್ಮಿ. "ರಾಜ್ಯಲಕ್ಷ್ಮಿ ಅತ್ತೆ, ನೀವು ಬನ್ನಿ. ನನಗೆ ಬರೀ ಅರಿಶಿನ, ಕಾಲಿಗೆ ಮಾತ್ರ."

ಹರಿಣಿ ಬಟ್ಟಲು ಕೆಳಗಿಟ್ಟಳು. ನಾದಿನಿ ಅವಳ ಕಡೆ ನೋಡಲೇ ಇಲ್ಲ. ರಾಜ್ಯಲಕ್ಷ್ಮಿ ಬಳೆ ಮೇಲೇರಿಸಿಕೊಂಡು ಹಸೆಮಣೆಯ ಮುಂದೆ ಕೂತಾಗಿತ್ತು.

ಹಿತ್ತಲಿನಲ್ಲಿ ಇದ್ದದ್ದು ಒಂದೇ ನಲ್ಲಿ, ನೆರಳಿನಲ್ಲಿ. ಸೊಸೆ ಮೊದಲು ತೊಳೆದುಕೊಂಡಳು. ಅತ್ತೆ ಪಕ್ಕದಲ್ಲಿ ಕಾದು ನಿಂತು, ಅವಳು ಮುಗಿಸುವ ಮುಂಚೆಯೇ ಚೊಂಬು ಕಿತ್ತುಕೊಂಡು ಬಗ್ಗಿದರು. ಗಸಗಸ ಉಜ್ಜಿದರು. ಒದ್ದೆ ಮುಖ ಎತ್ತಿ ಹರಿಣಿಯನ್ನು ಮೇಲಿನಿಂದ ಕೆಳಗೆ ನೋಡಿದರು.

"ಕಿವಿ ಹಿಂದೆ ಉಳಿದಿದೆ. ತೊಳ್ಕೊ," ಎಂದರು ಕನ್ನಡದಲ್ಲಿ. "ನಾಳೆ ಅದೊಂದನ್ನೂ ನನ್ನ ತಲೆಗೆ ಕಟ್ಟಬೇಡ."

ಚೊಂಬನ್ನು ಕೈಗೆ ಕೊಡಲಿಲ್ಲ. ಕಲ್ಲಿನ ಮೇಲೆ ಕುಕ್ಕಿ ಹೋದರು. ಹರಿಣಿ ಅದನ್ನು ಎತ್ತಿಕೊಂಡು ನಲ್ಲಿ ತಿರುಗಿಸಿ, ಕಿವಿಯ ಹಿಂದೆ ಮೂರು ಸಲ ತೊಳೆದಳು.